ಸೈಕಲ್ ಸಿಸ್ಟರ್: ಹೊರಡುವಾಗ ಒಂಚೂರು ಚಳಿ ಆಗಲೇಬೇಕು

ದೀಪಾವಳಿ ಮುಗಿದದ್ದೇ ತಡ, ನಿಮ್ಮ ಪತ್ರಗಳ ರಾಗ ಬದಲಾಗಿದೆ. ಮಳೆಗಾಲವಿಡೀ ಚೈನಿನ ತುಕ್ಕು, ಬ್ರೇಕಿನ ಕಿರಿಕಿರಿ, ಮಡ್‌ಗಾರ್ಡ್ ಎನ್ನುತ್ತಿದ್ದವರು ಈಗ ಒಂದೇ ಸಮನೆ ಥಂಡಿ ಥಂಡಿ ಎನ್ನುತ್ತಿದ್ದೀರಿ. ಹಾಗಾಗಿ ಈ ಸಲ ನನ್ನ ಪುಟ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ನನ್ನ ಪರಿಚಯ: ಊರು ಧಾರವಾಡ. ಮೂವತ್ತೊಂದು ವರ್ಷ ನರ್ಸ್ ಕೆಲಸ. ಅಷ್ಟೂ ವರ್ಷ ಸಾಧನಕೇರಿಯ ಮನೆಯಿಂದ ಡ್ಯೂಟಿಗೆ ಸೈಕಲ್ ಮೇಲೆಯೇ ಹೋಗಿ ಬಂದವಳು. ನಿವೃತ್ತಿಯಾದ ಮೇಲೆ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಅದರ ಹುಚ್ಚು ಹಿಡಿದಿದೆ. 200 ಕಿ.ಮೀ.ಯದನ್ನು ಹದಿಮೂರೂವರೆ ಗಂಟೆಯ ಗಡುವಿನೊಳಗೆ ನಾಲ್ಕು ಸಲ ಮುಗಿಸಿದ್ದೇನೆ. 300ರಲ್ಲಿ ಒಮ್ಮೆ ಸೋತಿದ್ದೇನೆ. ಸೋತದ್ದು ಕಾಲಿನಿಂದಲ್ಲ, ಬನಿಯನ್‌ನಿಂದ. ಆ ಕಥೆ ಮೊದಲ ಪತ್ರದ ಉತ್ತರದಲ್ಲೇ ಬರುತ್ತದೆ.

ಯಲಹಂಕದಿಂದ, ಇಪ್ಪತ್ತಾರು ವರ್ಷದ ಓದುಗ:
"ಸಿಸ್ಟರ್, ಪ್ರತಿ ಭಾನುವಾರ ನಂದಿಬೆಟ್ಟಕ್ಕೆ ಹೋಗುತ್ತೇನೆ. ನಾಲ್ಕೂವರೆಗೆ ಹೊರಡುವಾಗ ಚಳಿಯೆಂದು ಟಿ-ಶರ್ಟ್ ಮೇಲೆ ದಪ್ಪ ಜಾಕೆಟ್ ಹಾಕುತ್ತೇನೆ. ಬೆಟ್ಟ ಹತ್ತುವಾಗ ಒಳಗೆಲ್ಲ ಬೆವರಿನಿಂದ ತೊಪ್ಪೆ. ಮೇಲೆ ಚಹಾ ಕುಡಿದು ಇಳಿಯುವಾಗ ಹಲ್ಲು ಕಟಕಟ. ಹೋದ ವಾರ ಒಂದು ತಿರುವಿನಲ್ಲಿ ಬೆರಳು ಮರಗಟ್ಟಿ ಬ್ರೇಕ್ ಸರಿಯಾಗಿ ಹಿಡಿಯಲೇ ಆಗಲಿಲ್ಲ. ಇನ್ನೂ ದಪ್ಪ ಜಾಕೆಟ್ ಕೊಳ್ಳಲೇ?"

ಬೇಡಪ್ಪಾ. ಇರುವುದನ್ನೂ ಮನೆಯಲ್ಲಿ ಬಿಟ್ಟು ಹೋಗು. ನಿನಗೆ ಚಳಿ ಹತ್ತಿಸಿದ್ದು ಆ ಜಾಕೆಟ್ಟೇ.

ಮೈಯ ಲೆಕ್ಕ ನೋಡು. ಸುಮ್ಮನೆ ಕುಳಿತ ಮನುಷ್ಯ ಹೊರಹಾಕುವ ಶಾಖ ಸುಮಾರು ನೂರು ವ್ಯಾಟ್, ನಮ್ಮ ಹಳೆಯ ಕಾಲದ ಒಂದು ಬಲ್ಬಿನಷ್ಟು. ನಾವು ತಿಂದದ್ದರಲ್ಲಿ ಪೆಡಲಿಗೆ ಹೋಗುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು, ಉಳಿದ ಮೂರು ಪಾಲೂ ಬಿಸಿ. ಅಂದರೆ ಪೆಡಲಿನ ಮೇಲೆ ನೂರು ವ್ಯಾಟ್ ಒತ್ತುತ್ತಿದ್ದರೆ ಮೈಯೊಳಗೆ ಮೂರು, ನಾಲ್ಕು ಬಲ್ಬು ಉರಿಯುತ್ತಿರುತ್ತವೆ. ನಂದಿಯ ಏರಿನಲ್ಲಿ ನಿನ್ನಂಥ ಹುಡುಗರು ಒತ್ತುವುದು ಇನ್ನೂ ಹೆಚ್ಚು. ಅಷ್ಟು ಬಲ್ಬನ್ನು ದಪ್ಪ ಜಾಕೆಟ್ಟಿನೊಳಗೆ ಮುಚ್ಚಿಟ್ಟರೆ ಬೆವರು ಸುರಿಯದೆ ಇನ್ನೇನಾಗುತ್ತದೆ? ಇಳಿಯುವಾಗ ನೀನು ಪೆಡಲ್ ತುಳಿಯುವುದಿಲ್ಲ. ಬಲ್ಬುಗಳೆಲ್ಲ ಆರಿ ಮತ್ತೆ ಒಂದೇ ಉಳಿಯುತ್ತದೆ, ಮೈಮೇಲೆ ಒದ್ದೆ ಬಟ್ಟೆ, ಎದುರಿಗೆ ನಲವತ್ತು ಕಿ.ಮೀ. ವೇಗದ ಗಾಳಿ.

ಬೇಸಿಗೆಯಲ್ಲಿ ಮಡಕೆಯ ನೀರು ತಂಪಾಗುವುದು ಹೇಗೆ? ಮೈಯಿಂದ ಜಿನುಗಿದ ನೀರು ಗಾಳಿಗೆ ಆರುತ್ತಾ ಶಾಖ ಎಳೆದುಕೊಂಡು ಹೋಗುತ್ತದೆ. ಒದ್ದೆ ಹತ್ತಿ ಟಿ-ಶರ್ಟ್ ತೊಟ್ಟು ನಂದಿ ಇಳಿಯುವವನು ನಡೆದಾಡುವ ಮಡಕೆ. ಅದಲ್ಲದೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಚರ್ಮಕ್ಕೆ ಅಂಟಿದ ಒದ್ದೆ ಬಟ್ಟೆ ಬರಿ ಮೈಗಿಂತ ಕಡೆ ಅನ್ನಿಸುವುದು ಅದಕ್ಕೇ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ನಂದಿಯ ತುದಿ 1478. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಇಳಿಸಿದರೂ ಮೇಲೆ ಮೂರೂವರೆ ಡಿಗ್ರಿ ಕಡಿಮೆ. 10 ಡಿಗ್ರಿಯ ಬೆಳಗಿನಲ್ಲಿ 40 ಕಿ.ಮೀ. ವೇಗದ ಗಾಳಿ ಬಡಿದರೆ ಒಣ ಮುಖಕ್ಕೇ ಅದು 6 ಡಿಗ್ರಿಯ ಹಾಗೆ ತಟ್ಟುತ್ತದೆ. ಒದ್ದೆ ಮೈಯ ಪಾಡು ಆ ಲೆಕ್ಕದಲ್ಲಿ ಸೇರಿಲ್ಲ.

ಇದನ್ನೆಲ್ಲ ನಾನು ಕಲಿತದ್ದು ಪುಸ್ತಕದಿಂದಲ್ಲ. ಹುಬ್ಬಳ್ಳಿಯಿಂದ ದಾವಣಗೆರೆ ತನಕ ಹೋಗಿ ವಾಪಸಾಗುವ ಬ್ರೆವೆ, ಜನವರಿ ತಿಂಗಳು, ಇಪ್ಪತ್ತು ಗಂಟೆ ಗಡುವು. ಮಗಳು ಕೊಟ್ಟಿದ್ದ ಹತ್ತಿಯ ಟೀ-ಶರ್ಟ್ ಮೆತ್ತಗಿದೆ ಎಂದು ಅದನ್ನೇ ಹಾಕಿದ್ದೆ. ಹಗಲೆಲ್ಲ ಬಿಸಿಲಿಗೆ ನೆನೆಯಿತು. ರಾತ್ರಿ ಒಂಬತ್ತೂವರೆಗೆ ಹಾವೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಊಟ ಮಾಡಿದೆ, ಒದ್ದೆ ಅಂಗಿಯ ಮೇಲೇ ಜಾಕೆಟ್ ಏರಿಸಿ ಹೊರಟೆ. ಬಂಕಾಪುರ ಕ್ರಾಸ್ ಹತ್ತಿರ ಬರುವಷ್ಟರಲ್ಲಿ ಹ್ಯಾಂಡಲ್ ನಡುಗುತ್ತಿದೆಯೋ ನಾನು ನಡುಗುತ್ತಿದ್ದೇನೋ ತಿಳಿಯಲಿಲ್ಲ. ನರ್ಸಾಗಿ ಆ ನಡುಕದ ಅರ್ಥ ನನಗೆ ಗೊತ್ತಿತ್ತು. ಒಂದು ಡಾಬಾದ ಒಲೆಯ ಪಕ್ಕ ಕುಳಿತವಳು ಏಳಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಹೆಂಗಸು ತನ್ನ ಶಾಲು ಹೊದಿಸಿ, "ಈ ವಯಸ್ಸಿನಾಗ ಯಾಕ್ ಬೇಕಿತ್ರಿ ಅಕ್ಕಾ ಇದು" ಎಂದಳು. ಆಗ ಅಲ್ಲಿ ಒಂಬತ್ತೋ ಹತ್ತೋ ಡಿಗ್ರಿ ಇದ್ದರೆ ಹೆಚ್ಚು ಎಂದುಕೊಂಡಿದ್ದೆ. ಆಮೇಲೆ ಫೋನು ನೋಡಿದರೆ ಹದಿನಾರು!

ಹಾಗಾದರೆ ಏನು ತೊಡಬೇಕು? ನಮ್ಮ ಕಡೆಯ ಕೌದಿ ನೋಡಿದ್ದೀಯಾ? ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದದ್ದು. ಒಂದೊಂದು ಸೀರೆ ಎಷ್ಟು ತೆಳು! ಆದರೂ ಕೌದಿ ಬೆಚ್ಚಗಿರುತ್ತದೆ, ಏಕೆಂದರೆ ಬೆಚ್ಚಗಿಡುವುದು ಬಟ್ಟೆಯಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ. ನೀನೂ ತೆಳ್ಳಗಿನ ಮೂರು ಪದರ ಮಾಡಿಕೊ. ಮೈಗಂಟಿ ತೆಳುವಾದ ಪಾಲಿಯೆಸ್ಟರ್ ಬನಿಯನ್, ಅದು ಬೆವರು ಕುಡಿಯದೆ ಹೊರಗೆ ದಾಟಿಸುತ್ತದೆ. ಅದರ ಮೇಲೆ ಸೈಕಲ್ ಜೆರ್ಸಿ, ಜೊತೆಗೆ ಕಳಚಿ ಜೇಬಿಗಿಡಬಹುದಾದ ತೋಳುಗಳು. ಮೂರನೆಯದು ಮುಷ್ಟಿಯೊಳಗೆ ಹಿಡಿಸುವಷ್ಟು ತೆಳುವಾದ ಗಾಳಿ ತಡೆಯುವ ಜಾಕೆಟ್, ಇದು ಹತ್ತುವಾಗ ಬೆನ್ನಿನ ಜೇಬಿನಲ್ಲಿರಬೇಕು. ಬೆಟ್ಟದ ಬುಡದಲ್ಲಿ ನಿಂತು ಜಿಪ್ ಇಳಿಸು, ತೋಳು ಕಳಚು. ತುದಿಯಲ್ಲಿ ಚಹಾಕ್ಕಿಂತ ಮೊದಲು, ಇನ್ನೂ ಬಿಸಿ ಇರುವಾಗಲೇ, ಜಾಕೆಟ್ ಹಾಕಿಬಿಡು. ಚಳಿ ಹತ್ತಿದ ಮೇಲೆ ಹಾಕಿಕೊಂಡರೆ ಅದು ಒಳಗಿನ ಚಳಿಯನ್ನೇ ಕಾಪಾಡುತ್ತದೆ.

ಇನ್ನು ಮನೆ ಬಿಡುವಾಗಿನ ಲೆಕ್ಕ. ಗೇಟು ದಾಟಿದ ಮೊದಲ ಹತ್ತು ನಿಮಿಷ ಒಂಚೂರು ಚಳಿ ಅನ್ನಿಸಲೇಬೇಕು. ಗೇಟಿನಲ್ಲೇ ಹಿತವಾಗಿದ್ದರೆ ಒಂದು ಬಟ್ಟೆ ಹೆಚ್ಚಾಗಿದೆ ಎಂದೇ ಅರ್ಥ, ಹಿಂದಿರುಗಿ ಕಳಚಿಟ್ಟು ಬಾ.

ಜಾಕೆಟ್ ಮರೆತು ಹೋದರೆ? ತುದಿಯ ಚಹಾದಂಗಡಿಯಲ್ಲಿ ನಿನ್ನೆಯ ಪೇಪರ್ ಕೇಳಿ ಜೆರ್ಸಿಯೊಳಗೆ ಎದೆಗೆ ಹಾಸಿಕೊ. ತಮಾಷೆಯಲ್ಲ, ಟೂರ್ ಡಿ ಫ್ರಾನ್ಸ್‌ನ ಘಟ್ಟಗಳ ತುದಿಯಲ್ಲಿ ದೊಡ್ಡ ದೊಡ್ಡ ಸವಾರರು ಪ್ರೇಕ್ಷಕರ ಕೈಯಿಂದ ಪೇಪರ್ ಇಸಿದುಕೊಂಡು ಇಳಿದವರೇ. ಇಳಿಜಾರಿಗೆ ಸಿದ್ಧವಾಗದವರ ಗತಿ ಕೇಳಬೇಕಾದರೆ ಇಟಲಿಯ ಗಾವಿಯಾ ಘಟ್ಟದ ಕಥೆ ಇದೆ. 1988ರ ಜೂನ್ 5, ಜೀರೋ ಡಿ ಇಟಾಲಿಯಾ ರೇಸು, 2600 ಮೀಟರ್ ಮೀರಿದ ಘಟ್ಟದಲ್ಲಿ ಹಿಮ ಸುರಿಯುತ್ತಿತ್ತು. ಎಲ್ಲರಿಗಿಂತ ಮೊದಲು ತುದಿ ಮುಟ್ಟಿದ ಡಚ್ ಸವಾರ ಯೋಹಾನ್ ವಾನ್ ಡರ್ ವೆಲ್ಡೆ ಗಿಡ್ಡ ತೋಳಿನ ಜೆರ್ಸಿಯಲ್ಲಿದ್ದ. ಇಳಿಯುವಾಗ ಚಳಿಗೆ ಸೋತು ನಿಂತು, ಮೈ ಕಾಯಿಸಿಕೊಂಡು, ಬೊರ್ಮಿಯೊ ತಲುಪುವಷ್ಟರಲ್ಲಿ ನಲವತ್ತು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದ. ಅಮೆರಿಕದ ಆ್ಯಂಡಿ ಹ್ಯಾಂಪ್‌ಸ್ಟನ್ ದಪ್ಪ ಕೈಗವಸು, ಉಣ್ಣೆ ಟೋಪಿ, ಮಳೆ ಕೋಟು ಎಲ್ಲ ಸಿದ್ಧ ಮಾಡಿಕೊಂಡಿದ್ದ. ಆವತ್ತು ಒಟ್ಟು ರೇಸಿನಲ್ಲಿ ಮುಂದಿರುವವನು ತೊಡುವ ಗುಲಾಬಿ ಜೆರ್ಸಿ ಅವನ ಮೈಗೆ ಬಂತು, ರೇಸ್ ಮುಗಿಯುವವರೆಗೂ ಇಳಿಯಲಿಲ್ಲ.

ಔರಾದ್ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ:
"ಮೇಡಂ, ನಿಮ್ಮ ಪುಟದಲ್ಲಿ ಬರುವ ಜೆರ್ಸಿ, ಗಿರ್ಸಿ ನಮ್ಮ ಮಕ್ಕಳಿಗೆ ದೂರದ ಮಾತು. ನಾಲ್ಕೈದು ಕಿ.ಮೀ. ದೂರದ ತಾಂಡಾಗಳಿಂದ ಅಣ್ಣ, ಅಕ್ಕಂದಿರಿಗೆ ಸರ್ಕಾರ ಕೊಟ್ಟಿದ್ದ ಹಳೆ ಸೈಕಲ್ ಮೇಲೆ ಬರುತ್ತಾರೆ. ಡಿಸೆಂಬರಿನಲ್ಲಿ ಮೊದಲ ಪಿರಿಯಡ್ ಪೂರ್ತಿ ಅವರ ಬೆರಳಲ್ಲಿ ಪೆನ್ನು ನಿಲ್ಲುವುದಿಲ್ಲ. ದುಡ್ಡಿಲ್ಲದೆ ಏನಾದರೂ ಮಾಡಬಹುದೇ?"

ಮೇಡಂ, ಈ ತಿಂಗಳು ಬಂದದ್ದರಲ್ಲಿ ನನಗೆ ತೀರ ಹತ್ತಿರವಾದ ಪತ್ರ ನಿಮ್ಮದು. ಬೀದರ್ ಕಡೆಯ ಚಳಿ ಏನೆಂದು ಬೆಂಗಳೂರಿನವರಿಗೆ ಅರ್ಥವಾಗುವುದಿಲ್ಲ.

ಸೈಕಲ್ ಮೇಲೆ ಕಾಲು ದುಡಿಯುತ್ತದೆ, ಕೈ ದುಡಿಯುವುದಿಲ್ಲ. ಸುಮ್ಮನೆ ಕಬ್ಬಿಣ ಹಿಡಿದು ಎದುರುಗಾಳಿಗೆ ಮುಂದೆ ಚಾಚಿಕೊಂಡಿರುತ್ತದೆ. ಮೇಲಾಗಿ ಎದೆ, ಹೊಟ್ಟೆಗೆ ಚಳಿ ತಟ್ಟಿದರೆ ಮೈ ತನ್ನ ಬಿಸಿ ರಕ್ತವನ್ನು ಒಳಗೇ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆದ್ದರಿಂದ ಬೆರಳು ಮರಗಟ್ಟಿದ ಮಗುವಿಗೆ ಮೊದಲು ಬೇಕಾದದ್ದು ಎದೆಗೆ ಗಾಳಿ ತಡೆ. ಯೂನಿಫಾರ್ಮಿನೊಳಗೆ ಬನಿಯನ್ ಮೇಲೆ ಎರಡು ಹಾಳೆ ಪೇಪರ್ ಮಡಚಿಡಲಿ. ಶಾಲೆಗೆ ಬಂದ ಮೇಲೆ ತೆಗೆದು ಬ್ಯಾಗಿಗೆ ಹಾಕಿದರೆ ಸಂಜೆಗೂ ಆಯಿತು, ಓದಲಿಕ್ಕೂ ಆಯಿತು.

ಕೈಗೆ ನನ್ನ ಹಳೆಯ ಉಪಾಯವೊಂದಿದೆ. ಆಸ್ಪತ್ರೆಯಲ್ಲಿ ಪರೀಕ್ಷೆಗೆ ಬಳಸುವ ತೆಳ್ಳಗಿನ ರಬ್ಬರ್ ಗ್ಲೌಸ್ ಇದೆಯಲ್ಲ, ಅದನ್ನು ಒಳಗೆ ಹಾಕಿ ಮೇಲೆ ಉಣ್ಣೆಯದೋ ನೂಲಿನದೋ ಕೈಗವಸು ಹಾಕುವುದು. ಗಾಳಿ ಒಂದಿಷ್ಟೂ ನುಗ್ಗುವುದಿಲ್ಲ. ಅಂಗೈ ಒಳಗೆ ಬೆವರುತ್ತದೆ, ಆದರೆ ಅರ್ಧ ಗಂಟೆಯ ದಾರಿಗೆ ಅದು ತೊಂದರೆಯಲ್ಲ, ತಲುಪಿದ ಮೇಲೆ ಒರೆಸಿಕೊಂಡರಾಯಿತು. ಲೇಟೆಕ್ಸ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ ಬಂದರೆ ನೈಟ್ರೈಲಿನದು ಹಾಕಿಸಿ. ಡಬ್ಬಿಯಲ್ಲಿ ನೂರು ಇರುತ್ತವೆ, ತೊಳೆದು ಒಣಗಿಸಿದರೆ ಒಂದು ಜೊತೆ ಒಂದೆರಡು ವಾರ ಬರುತ್ತದೆ. ಕೈಗವಸು ಇಲ್ಲದವರಿಗೆ ಹಳೆ ಕಾಲುಚೀಲವೇ ಕೈಗವಸು. ಬೆರಳೆಲ್ಲ ಒಂದೇ ಗೂಡಿನಲ್ಲಿದ್ದರೆ ಒಂದನ್ನೊಂದು ಕಾಯಿಸುತ್ತವೆ, ಐದು ಬೆರಳಿನ ಗವಸಿಗಿಂತ ಅದೇ ಬೆಚ್ಚಗೆ. ಆದರೆ ಕಾಲುಚೀಲ ಹಾಕಿದ ಕೈ ಹ್ಯಾಂಡಲ್ ಮೇಲೆ ಜಾರುವಂತಿದ್ದರೆ ಬೇಡ. ಬ್ರೇಕ್ ಹಿಡಿಯಲಾಗದ ಬೆಚ್ಚನೆ ಕೈ ಯಾರಿಗೆ ಬೇಕು?

ಇದಕ್ಕಿಂತ ಒಳ್ಳೆಯದು ಹ್ಯಾಂಡಲ್‌ಗೇ ಅಂಗಿ ತೊಡಿಸುವುದು. ಪೇಟೆಯಲ್ಲಿ ಬೈಕಿನವರು ಹಾಕಿಸಿಕೊಳ್ಳುತ್ತಾರಲ್ಲ, ಹ್ಯಾಂಡಲ್ ಕವರ್, ಅದೇ. ಹರಿದ ಜೀನ್ಸ್ ಪ್ಯಾಂಟಿನ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಕತ್ತರಿಸಿ, ಒಂದು ಬದಿ ಹ್ಯಾಂಡಲ್‌ಗೆ ದಾರದಿಂದ ಬಿಗಿದು, ಬ್ರೇಕ್ ಲಿವರ್ ಒಳಗೇ ಬರುವಂತೆ ಮಾಡಿ, ಮತ್ತೊಂದು ಬದಿಯಿಂದ ಕೈ ತೂರಿಸುವಂತೆ ಬಿಟ್ಟರೆ ಮುಗಿಯಿತು. ಊರಿನ ಟೇಲರ್ ಹತ್ತು ನಿಮಿಷದಲ್ಲಿ ಹೊಲಿದುಕೊಡುತ್ತಾನೆ. ನಿಮ್ಮ ಕ್ರಾಫ್ಟ್ ಪಿರಿಯಡ್ಡಿನಲ್ಲಿ ಮಕ್ಕಳೇ ಹೊಲಿಯಲಿ. ಬ್ರೇಕ್ ಲಿವರ್‌ಗೆ ಹಳೆ ಟ್ಯೂಬಿನ ತುಂಡು ತೊಡಿಸಿದರೆ ತಣ್ಣನೆ ಕಬ್ಬಿಣ ಬೆರಳಿಗೆ ತಾಕುವುದೂ ತಪ್ಪುತ್ತದೆ.

ಎರಡು ಎಚ್ಚರಿಕೆ, ಇದು ನರ್ಸ್ ಹೇಳುತ್ತಿರುವುದು. ಹೆಣ್ಣುಮಕ್ಕಳು ಚಳಿಗೆ ವೇಲನ್ನು ಕಿವಿಗೆ ಸುತ್ತಿ ತುದಿ ಇಳಿಬಿಡುತ್ತಾರೆ, ಅದು ಚಕ್ರಕ್ಕೆ ಸಿಕ್ಕಿ ಕುತ್ತಿಗೆಗೆ ಬಿಗಿದ ಒಂದು ಕೇಸನ್ನು ನಾನೇ ಕಂಡಿದ್ದೇನೆ. ಎರಡೂ ತುದಿ ಸ್ವೆಟರಿನೊಳಗೆ ಸಿಕ್ಕಿಸಿ ಪಿನ್ನು ಹಾಕಲೇಬೇಕು. ಇನ್ನೊಂದು, ಮರಗಟ್ಟಿದ ಕೈಯನ್ನು ಬೆಂಕಿಗೆ ಹಿಡಿಯುವುದು, ಸುಡುವ ನೀರಿಗೆ ಅದ್ದುವುದು ಬೇಡ, ಸ್ಪರ್ಶವಿಲ್ಲದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಲಿ. ಯಾವುದಾದರೂ ಮಗುವಿನ ಬೆರಳು ಮತ್ತೆ ಮತ್ತೆ ಸುಣ್ಣದಂತೆ ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ.

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟಲ್‌ವೇನ್‌ನಿಂದ, ಎರಡು ವರ್ಷದ ಮಗುವಿನ ತಾಯಿ:
"ಅಕ್ಕಾ, ಇಲ್ಲಿಗೆ ಬಂದು ಇದು ಮೊದಲ ಚಳಿಗಾಲ. ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಡೇಕೇರಿಗೆ ಬಿಟ್ಟು ಆಫೀಸಿಗೆ ಹೋಗುತ್ತೇನೆ. ನನಗೆ ತಲುಪುವಷ್ಟರಲ್ಲಿ ಸೆಕೆ, ಅವಳ ಮೂಗು ಮಾತ್ರ ಐಸು. ಅತ್ತೆ ವಿಡಿಯೊ ಕಾಲಿನಲ್ಲಿ ದಿನಾ ಬೈಯುತ್ತಾರೆ. ಇಲ್ಲಿಯವರು ಮಾಮೂಲಿ ಕೋಟಿನಲ್ಲೇ ಆರಾಮಾಗಿ ಹೋಗುತ್ತಿರುತ್ತಾರೆ. ಅವರಿಗೆ ಹೇಗೆ ಸಾಧ್ಯ?"

ನಿಮ್ಮತ್ತೆಯವರ ಬೈಗುಳದಲ್ಲಿ ಅರ್ಧ ನ್ಯಾಯವಿದೆ ತಂಗಿ. ಮೇಲೆ ಹೇಳಿದ ಬಲ್ಬಿನ ಲೆಕ್ಕ ಇಲ್ಲಿಗೂ ಹಾಕಿ. ಪೆಡಲ್ ತುಳಿಯುವವರು ನೀವು, ಮಗಳು ಸುಮ್ಮನೆ ಕೂತಿದ್ದಾಳೆ. ಅದೂ ನಿಮ್ಮ ಮುಂದೆ, ಗಾಳಿಗೆ ಎದುರಾಗಿ. ಅಮ್ಮನಿಗೆ ಸೆಕೆ, ಹಾಗಾಗಿ ಮಗುವಿಗೂ ಸಾಕು ಎನ್ನುವುದು ತಪ್ಪು ಲೆಕ್ಕ. ನಡೆದು ಹೋಗುವಾಗ ಹಾಕುವುದಕ್ಕಿಂತ ನಿಮಗೆ ಒಂದು ಬಟ್ಟೆ ಕಡಿಮೆ, ಅವಳಿಗೆ ಒಂದು ಹೆಚ್ಚು. ಮುಂದಿನ ಸೀಟಿಗೆ ಸಿಕ್ಕಿಸುವ ಪಾರದರ್ಶಕ ಗಾಳಿತಡೆ ಅಲ್ಲಿಯ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಉಬ್ಬಿದ ಕೋಟಿನ ಮೇಲೆ ಬೆಲ್ಟ್ ಕಟ್ಟಿದರೆ ಬಿಗಿಯಾದಂತೆ ಕಂಡರೂ ಒಳಗೆ ಸಡಿಲ. ಮೊದಲು ಬೆಲ್ಟ್ ಮೈಗೆ ಸರಿಯಾಗಿ ಕಟ್ಟಿ, ಅದರ ಮೇಲೆ ಸೊಂಟದಿಂದ ಕೆಳಗೆ ಕಂಬಳಿ ಹೊದಿಸಿ, ಅಂಚು ಚಕ್ರದ ಕಡೆ ಇಳಿಯದಂತೆ ಸಿಕ್ಕಿಸಿ. ಮಫ್ಲರ್ ಬದಲು ಕೊಳವೆಯಂಥ ಕುತ್ತಿಗೆ ಪಟ್ಟಿ. ಕೈಗೆ ಗೂಡುಗವಸು, ಅದನ್ನು ಅವಳು ದಾರಿಯಲ್ಲಿ ಕಿತ್ತೆಸೆಯುತ್ತಾಳೆ, ದಾರ ಕಟ್ಟಿ ತೋಳಿನೊಳಗಿಂದ ಹಾಯಿಸಿಡಿ. ನಡುವೆ ಒಮ್ಮೆ ನಿಂತು ಅವಳ ಕುತ್ತಿಗೆಯ ಹಿಂಬದಿಗೆ ಬೆರಳು ಹಾಕಿ ನೋಡಿ. ಮೂಗು ತಣ್ಣಗಿದ್ದರೆ ಗಾಬರಿ ಬೇಡ, ಕುತ್ತಿಗೆ ತಣ್ಣಗಿದ್ದರೆ ಬಟ್ಟೆ ಸಾಲದು.

ಇನ್ನು ಅಲ್ಲಿಯವರ ಗುಟ್ಟು. ನನ್ನ ಮಗಳು ಊಟ್ರೆಕ್ಟ್‌ನಲ್ಲಿದ್ದಾಗ ಒಂದು ಚಳಿಗಾಲ ಮೂರು ತಿಂಗಳು ನಾನೂ ಇದ್ದೆ. ಮೊದಲ ವಾರ ನನಗೂ ಇದೇ ಬೆರಗು. ಆಮೇಲೆ ಗಮನಿಸಿದೆ, ಅವರು ಬೆವರುವಷ್ಟು ಜೋರಾಗಿ ತುಳಿಯುವುದೇ ಇಲ್ಲ. ನೆಟ್ಟಗೆ ಕೂತು ಪೇಟೆಯಲ್ಲಿ ಅಡ್ಡಾಡಿದಂತೆ ಹೋಗುತ್ತಾರೆ. ನಡೆದಾಡುವ ವೇಗದ ದುಡಿಮೆಗೆ ನಡೆದಾಡುವ ಕೋಟು ಸಾಕು. ನಾವು ಎಲ್ಲಿಗೆ ಹೋದರೂ ಲೇಟಾಯಿತೆಂದು ಓಡಿಸುವವರು, ಅದಕ್ಕೇ ನಿಮಗೆ ಸೆಕೆ. ಹತ್ತು ನಿಮಿಷ ಮೊದಲು ಹೊರಡಿ, ಅರ್ಧ ಬೆವರು ಅಲ್ಲೇ ಕಡಿಮೆ. ಅಲ್ಲಿಯ ಜನವರಿಯಲ್ಲಿ ಹಗಲು ಐದಾರು ಡಿಗ್ರಿ ಇದ್ದರೂ ಕಾಡುವುದು ಚಳಿಗಿಂತ ಒದ್ದೆ ಗಾಳಿ. ಆಫೀಸಿನ ಪ್ಯಾಂಟಿನ ಮೇಲೆಯೇ ಎಳೆದುಕೊಳ್ಳುವ ಮಳೆ ಪ್ಯಾಂಟು ಮತ್ತು ಒಣಗಿದ ಇನ್ನೊಂದು ಜೊತೆ ಕೈಗವಸು ಯಾವಾಗಲೂ ಬ್ಯಾಗಿನಲ್ಲಿರಲಿ. ಮಳೆ ಎಂದು ನಾನು ಬಾಗಿಲಲ್ಲೇ ಅನುಮಾನಿಸುತ್ತ ನಿಂತಿದ್ದಾಗ ಪಕ್ಕದ ಮನೆಯ ಅಜ್ಜಿ, ವಯಸ್ಸು ಎಂಬತ್ತರ ಹತ್ತಿರ, ಸೈಕಲ್ ಹತ್ತುತ್ತಾ "ನೀನೇನು ಸಕ್ಕರೆಯಿಂದ ಮಾಡಿದವಳಲ್ಲ" ಎಂದಿದ್ದಳು. ಅದು ಅಲ್ಲಿಯ ಗಾದೆಯಂತೆ, ಮಗಳು ಆಮೇಲೆ ಬಿಡಿಸಿ ಹೇಳಿದಳು. ಅಲ್ಲಿಯವರೆಗೆ ಅಜ್ಜಿ ನನ್ನ ಶುಗರ್ ಬಗ್ಗೆ ವಿಚಾರಿಸುತ್ತಿದ್ದಾಳೆ ಎಂದುಕೊಂಡಿದ್ದೆ.

ದಾವಣಗೆರೆಯ ವಿದ್ಯಾರ್ಥಿ:
"ಎಲ್ಲರೂ ಮೆರಿನೊ ಉಣ್ಣೆ ಬನಿಯನ್ ಎನ್ನುತ್ತಾರೆ. ಸಾವಿರಾರು ರೂಪಾಯಿ. ನಿಜವಾಗಿಯೂ ಅಷ್ಟು ಬಾಳುತ್ತದೆಯೇ?"

ಉಣ್ಣೆ ಬಾಳುತ್ತದೆ. ಅದರ ಗುಣ ತಿಳಿಯಲು ಮೆರಿನೊ ಎಂಬ ತಳಿಯ ಕುರಿಯದೇ ಆಗಬೇಕಿಲ್ಲ, ನಿಮ್ಮ ಪಕ್ಕದ ಚಳ್ಳಕೆರೆಯ ಕಂಬಳಿ ಮುಟ್ಟಿ ನೋಡಿ. ಕಲಘಟಗಿ ಕಡೆ ನಮ್ಮಜ್ಜ ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಗದ್ದೆಯಲ್ಲಿರುತ್ತಿದ್ದ. ಸಂಜೆ ಕಂಬಳಿ ಎತ್ತಿ ಹಿಡಿದರೆ ಎರಡು ಕೊಡ ನೀರಿನ ಭಾರ, ಅಜ್ಜನ ಬೆನ್ನು ಮಾತ್ರ ಬೆಚ್ಚಗೆ. ಉಣ್ಣೆ ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನ್ನಿಸುವುದಿಲ್ಲ, ಎಳೆಗಳ ಸುರುಳಿಯಲ್ಲಿ ಗಾಳಿ ಉಳಿದೇ ಇರುತ್ತದೆ. ನಮ್ಮ ದಕ್ಕನಿ ಕುರಿಯ ಉಣ್ಣೆ ಒರಟು, ಬರಿ ಮೈಗೆ ಚುಚ್ಚುತ್ತದೆ. ಮೆರಿನೊ ಎಳೆ ನವಿರು, ಚುಚ್ಚುವುದಿಲ್ಲ, ನಾಲ್ಕು ದಿನ ಹಾಕಿದರೂ ನಾರುವುದಿಲ್ಲ. ದುಡ್ಡು ಅದಕ್ಕೆ.

ದಾವಣಗೆರೆಯ ಚಳಿಗೆ ಅದು ಬೇಕೇ? ನನ್ನ ಮಟ್ಟಿಗೆ ಬೇಡ. ಕ್ರಿಕೆಟ್, ಕಬಡ್ಡಿ ಆಡುವವರು ಹಾಕುವ ತೆಳು ಪಾಲಿಯೆಸ್ಟರ್ ಜೆರ್ಸಿ ಮೈಗಂಟುವ ಅಳತೆಯದು ತೆಗೆದುಕೊಳ್ಳಿ, ಅದೇ ನಿಮ್ಮ ಬನಿಯನ್. ಅದರ ಮೇಲೆ ಚಳಿಗಾಲದಲ್ಲಿ ಟಿಬೆಟಿಯನ್ನರು ರಸ್ತೆ ಬದಿ ಹಾಕುವ ಅಂಗಡಿಯಿಂದ ತೆಳ್ಳಗಿನದೊಂದು ಸ್ವೆಟರ್. ದಪ್ಪದ್ದನ್ನೇ ತೋರಿಸುತ್ತಾರೆ, ತೆಳ್ಳಗಿನದು ಕೇಳಿ. ನನ್ನದು ಮುಂಡಗೋಡದ ಒಬ್ಬಾಕೆಯಿಂದ ಕೊಂಡದ್ದು, ಒಂಬತ್ತು ವರ್ಷವಾಯಿತು. ಕಡು ನೀಲಿ ಬಣ್ಣ, ನಸುಕಿನ ಮಂಜಿನಲ್ಲಿ ಲಾರಿಯವನಿಗೆ ಕಾಣುವುದಿಲ್ಲವೆಂದು ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿಯ ವೆಸ್ಟ್ ಹಾಕುತ್ತೇನೆ. ನೀವೂ ಹಾಕಿ.

ಚಿಕ್ಕಮಗಳೂರಿನಿಂದ:
"ಎರಡೆರಡು ಜೊತೆ ಕಾಲುಚೀಲ ಹಾಕಿದರೂ ಕಾಲ್ಬೆರಳು ಮರಗಟ್ಟುತ್ತವೆ."

ಎರಡು ಜೊತೆ ಹಾಕಿದ್ದಕ್ಕೇ ಮರಗಟ್ಟುತ್ತಿರಬೇಕು. ಬೂಟು ಬಿಗಿಯಾದರೆ ರಕ್ತ ಓಡದು. ಒಂದೇ ಜೊತೆ ಹಾಕಿ, ಬೆರಳು ಅಲ್ಲಾಡುತ್ತವೆಯೇ ನೋಡಿ. ಸೈಕಲ್ ಬೂಟಿನ ಮುಂಭಾಗ ಬಲೆಯ ಬಟ್ಟೆ, ಗಾಳಿ ನೇರ ಒಳಗೆ. ಅರ್ಧ ಲೀಟರಿನ ನಂದಿನಿ ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ ಕಾಲುಚೀಲದ ಮೇಲೆ ಬೆರಳಿಗೆ ಟೊಪ್ಪಿಗೆಯಂತೆ ತೊಡಿಸಿ ಬೂಟು ಹಾಕಿ. ಚೆನ್ನಾಗಿ ತೊಳೆಯಿರಿ, ನಾನು ಒಮ್ಮೆ ಅವಸರದಲ್ಲಿ ತೊಳೆದು ಮೂರು ದಿನ ಮನೆಯವರ ಮಾತು ಕೇಳಿದ್ದೇನೆ. ಸಕ್ಕರೆ ಕಾಯಿಲೆ ಇದ್ದು ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಈ ಉಪಾಯಗಳಿಗೆ ಕೈ ಹಾಕುವ ಮೊದಲು ಡಾಕ್ಟರನ್ನು ಕೇಳಿ.

ಮೈಸೂರಿನಿಂದ, ಐವತ್ತೆಂಟು ವರ್ಷ:
"ಚಾಮುಂಡಿ ಬೆಟ್ಟಕ್ಕೆ ವರ್ಷವಿಡೀ ಚಡ್ಡಿಯಲ್ಲೇ ಹೋಗುತ್ತೇನೆ. ಡಿಸೆಂಬರಿನಲ್ಲಿ ಮಾತ್ರ ಮೊಣಕಾಲು ಹಿಡಿದುಕೊಳ್ಳುತ್ತದೆ. ಎಣ್ಣೆ ಹಚ್ಚಿದರೆ ಸಾಕೇ?"

ಮೊಣಕಾಲ ಚಿಪ್ಪಿನ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಹೊದಿಕೆಯಿಲ್ಲ, ಗಾಳಿ ನೇರ ಬಡಿಯುವುದೂ ಅಲ್ಲಿಗೇ. ರೇಸಿನವರು ಇಪ್ಪತ್ತು ಡಿಗ್ರಿಯ ಕೆಳಗೆ ಮಂಡಿ ಮುಚ್ಚಬೇಕು ಎನ್ನುತ್ತಾರೆ. ನನಗೆ ಥರ್ಮಾಮೀಟರೂ ಬೇಡ. ಬಚ್ಚಲಮನೆಯ ಕೊಬ್ಬರಿ ಎಣ್ಣೆ ಬಾಟಲಿ ಮಗುಚಿ ನೋಡುತ್ತೇನೆ. ಸುಮಾರು 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬಾಗಿಲು ಮುಚ್ಚಿದ ಮನೆಯೊಳಗೇ ಎಣ್ಣೆ ಕಲ್ಲಾಗಿದ್ದರೆ ಹೊರಗೆ ಮಂಡಿ ಮುಚ್ಚುವ ಹವೆ. ಚಡ್ಡಿಯ ಕೆಳಗೆ ಏರಿಸಿಕೊಳ್ಳುವ ಮಂಡಿಪಟ್ಟಿ ಸಿಗುತ್ತದೆ, ಬಿಸಿಲೇರಿದ ಮೇಲೆ ಬೂಟಿನ ತನಕ ಜಾರಿಸಿದರೆ ಆಯಿತು. ಎಣ್ಣೆ ಉಜ್ಜುವುದು ಒಳ್ಳೆಯದೇ, ಆದರೆ ಅದರ ಬಿಸಿ ಉಜ್ಜಿದ್ದರದು, ಎಣ್ಣೆಯದಲ್ಲ. ಬಟ್ಟೆಯ ಬದಲಿಗೆ ಅಲ್ಲ. ಬೆಟ್ಟಕ್ಕೆ ಏರುವ ಮೊದಲು ಸಮತಟ್ಟಾದ ದಾರಿಯಲ್ಲಿ ಹದಿನೈದು ನಿಮಿಷ ಹಗುರ ಗೇರಿನಲ್ಲಿ ತಿರುಗಿ ಬನ್ನಿ. ಮಂಡಿ ಮುಚ್ಚಿಯೂ ನೋವು ನಿಲ್ಲದಿದ್ದರೆ ಚಳಿಯನ್ನು ಬೈಯಬೇಡಿ, ಸೀಟಿನ ಎತ್ತರ ನೋಡಿಸಿ.

ಹುಬ್ಬಳ್ಳಿಯಿಂದ, ಅರವತ್ತೇಳು ವರ್ಷ:
"ಸಿಸ್ಟರ್, ನನ್ನ ಮನೆಯವಳು ಮಂಕಿ ಕ್ಯಾಪ್ ಹಾಕದೆ ಗೇಟು ದಾಟಲು ಬಿಡುವುದಿಲ್ಲ. ಅದರ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಹಿಂದಿನಿಂದ ಬರುವ ಗಾಡಿಯ ಸದ್ದು ಕೇಳುವುದಿಲ್ಲ, ಕನ್ನಡಕಕ್ಕೆ ಉಸಿರಿನ ಮಂಜು. ನೀವಾದರೂ ಆಕೆಗೆ ಒಂದು ಮಾತು ಹೇಳಿ."

ರಾಯರೇ, ಗಂಡ, ಹೆಂಡಿರ ನಡುವೆ ನನ್ನನ್ನು ಎಳೆಯಬೇಡಿ. ಆದರೆ ಹೆಲ್ಮೆಟ್ಟಿನ ವಿಷಯದಲ್ಲಿ ನಿಮ್ಮ ಕಡೆಗೇ ಓಟು. ದಪ್ಪ ಟೋಪಿಯ ಮೇಲೆ ಹೆಲ್ಮೆಟ್ ಕೂತರೆ ಅದು ಹಣೆಯಿಂದ ಮೇಲೆ ಸರಿದು ತಲೆಯ ಹಿಂದೆ ನೇತಾಡುತ್ತದೆ, ಬಿದ್ದರೆ ಮೊದಲು ಪೆಟ್ಟು ಹಣೆಗೆ. ಕಿವಿಗಷ್ಟೇ ಸುತ್ತುವ ತೆಳು ಪಟ್ಟಿ ಸಿಗುತ್ತದೆ, ಅಥವಾ ಕೂಸಿನ ಕುಲಾವಿಯಷ್ಟು ತೆಳುವಾದ ಟೋಪಿ. ಎರಡೂ ಹೆಲ್ಮೆಟ್ಟಿನ ಒಳಗೆ ಕೂರುತ್ತವೆ, ಹಿಂದಿನ ತಿರುಪು ಒಂದು ಸುತ್ತು ಸಡಿಲಿಸಿ. ಅವೂ ಸದ್ದನ್ನು ಸ್ವಲ್ಪ ತಡೆಯುತ್ತವೆ, ಹ್ಯಾಂಡಲ್‌ಗೆ ಕನ್ನಡಿ ಹಾಕಿಸಿ. ಬಾಯಿ ಮುಚ್ಚಿದರೆ ಕನ್ನಡಕ ಮಂಜಾಗುತ್ತದೆ, ಕುತ್ತಿಗೆ ಪಟ್ಟಿಯನ್ನು ಗದ್ದದ ತನಕ ಮಾತ್ರ ಎಳೆಯಿರಿ.

ಮಂಕಿ ಕ್ಯಾಪನ್ನು ಬಿಸಾಡಬೇಡಿ, ಅದಕ್ಕೂ ಹೊತ್ತಿದೆ. ವಾಪಸ್ ಬಂದವರು ಬೆವರಿನ ಅಂಗಿಯಲ್ಲೇ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತೀರಲ್ಲ, ಥಂಡಿ ಹತ್ತುವುದು ಆಗ. ಮೊದಲು ಮೈ ಒರೆಸಿ, ಒಣ ಬನಿಯನ್ ಹಾಕಿ, ತಲೆಗೆ ಆ ಕ್ಯಾಪ್ ಏರಿಸಿ, ಆಮೇಲೆ ಚಹಾಕ್ಕೆ ಕೂಗಿ. ಚಹಾ ತರುವವರಿಗೆ ಟೋಪಿ ಕಂಡರಾಯಿತು.